ಹರಿಗೋಲು ಹತ್ತುವ ಮುನ್ನ

ಹಂಪೆಯನ್ನು ಕಂಡವರು ಲಕ್ಷಾಂತರ ಮಂದಿ ಉಂಟು. ಹಂಪೆಯ ಹೊಳೆಯನ್ನು ಕಂಡವರು ಅಷ್ಟಿಲ್ಲ. ವಿರೂಪಾಕ್ಷನ ಗೋಪುರ, ವಿಜಯವಿಠ್ಠಲನ ಕಲ್ಲಿನ ರಥ, ಉಗ್ರನರಸಿಂಹ, ಕಮಲ ಮಹಲು, ಇವನ್ನೆಲ್ಲ ಒಂದೇ ಹಗಲಿನಲ್ಲಿ ಸುತ್ತಿ, ಕಾಲು ಸೋತು ಸಂಜೆಗೆ ದಡಕ್ಕಿಳಿಯುವ ಯಾತ್ರಿಕನ ಪಾಲಿಗೆ ತುಂಗಭದ್ರೆಯು ಬಂಡೆಗಳ ನಡುವೆ ಹಾಸಿದ ಒಂದು ಚಿತ್ರಪಟ ಮಾತ್ರ. ಆ ಚಿತ್ರಪಟದ ಮೇಲೆ ಬಿದಿರ ಬುಟ್ಟಿಯೊಂದು ತೇಲುತ್ತಿರುತ್ತದೆ. ಅದೇ ಹರಿಗೋಲು. ಬಳ್ಳಾರಿ ಸೀಮೆಯಲ್ಲಿ ಕೆಲವರು ಅದನ್ನು ಪುಟ್ಟಿ ಎನ್ನುತ್ತಾರೆ, ಕೆಲವರು ತೆಪ್ಪ ಎನ್ನುತ್ತಾರೆ. ಒಮ್ಮೆ ಹತ್ತಿ ಸುತ್ತಿ ಬರಬೇಕೆಂಬ ಆಸೆ ಯಾರಿಗೂ ಸಹಜವೇ. ಆದರೆ ಹತ್ತುವ ಮುನ್ನ ಈ ಹೊಳೆಯ ಸ್ವಭಾವವನ್ನು ನಾಲ್ಕು ಮಾತಿನಷ್ಟಾದರೂ ತಿಳಿದುಕೊಂಡವನು ಜಾಣ.

ಹರಿಗೋಲು ಹಂಪೆಗೆ ಹೊಸತಲ್ಲ. ಸುಮಾರು 1520ರ ವೇಳೆಗೆ ಕೃಷ್ಣದೇವರಾಯನ ರಾಜಧಾನಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಆನೆಗೊಂದಿಗೆ ಜನರು ದಾಟುತ್ತಿದ್ದ ಬಗೆಯನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. ಹದಿನೈದು ಇಪ್ಪತ್ತು ಮಂದಿಯನ್ನು ಹೊರಬಲ್ಲ ಗುಂಡನೆಯ ದೋಣಿ. ನೇರವಾಗಿ ಸಾಗದೆ ಸದಾ ತಿರುಗುತ್ತಲೇ ಇರುತ್ತದೆ. ಅಗತ್ಯ ಬಿದ್ದರೆ ಕುದುರೆ ಎತ್ತುಗಳೂ ಅದರಲ್ಲಿ ದಾಟುತ್ತವೆ, ಆದರೆ ಹೆಚ್ಚಾಗಿ ಅವು ಈಜಿಯೇ ದಾಟುತ್ತವೆ ಎಂಬುದು ಅವನ ವರ್ಣನೆಯ ಸಾರ. ಐದು ಶತಮಾನಗಳು ಕಳೆದಿವೆ. ಸಾಮ್ರಾಜ್ಯ ಹೋಯಿತು, ಕುದುರೆಗಳು ಹೋದವು. ಹರಿಗೋಲು ಮಾತ್ರ ಉಳಿಯಿತು. ಚರ್ಮದ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆಯೂ ಅದರ ಮೇಲೆ ಡಾಂಬರಿನ ಲೇಪವೂ ಬಂದಿವೆ. ಇಷ್ಟೇ ವ್ಯತ್ಯಾಸ.

ಅದು ಉಳಿದುದಕ್ಕೆ ಕಾರಣವೂ ಉಂಟು. ಹಂಪೆಯ ಬಳಿ ತುಂಗಭದ್ರೆಯ ಪಾತ್ರವೆಲ್ಲ ಬಂಡೆಗಳ ಸಂತೆ. ಚೂಪಾದ ತಳವುಳ್ಳ ದೋಣಿಯು ಇಲ್ಲಿ ಹತ್ತು ಮಾರು ಹೋಗುವುದರೊಳಗೆ ಕಲ್ಲಿಗೆ ಸಿಕ್ಕಿ ಸೀಳಿಹೋದೀತು. ಹರಿಗೋಲಿನ ತಳ ಚಪ್ಪಟೆ. ಮೊಣಕಾಲುದ್ದದ ನೀರಿದ್ದರೂ ಅದು ತೇಲುತ್ತದೆ. ಬಂಡೆಗೆ ತಾಗಿದರೆ ಬಿದಿರು ಬಳುಕಿ, ಬುಟ್ಟಿ ಒಂದು ಸುತ್ತು ಹೊಡೆದು ಪಕ್ಕಕ್ಕೆ ಜಾರಿಕೊಳ್ಳುತ್ತದೆ. ಅಂಬಿಗನು ಮುಂಭಾಗದಲ್ಲಿ ಕುಳಿತು ಹುಟ್ಟಿನಿಂದ ನೀರನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತ ಹೋಗುತ್ತಾನೆ. ಬುಟ್ಟಿ ಅವನ ಹಿಂದೆ ಬರುತ್ತದೆ. ಎದುರು ದಡದ ಯಾವ ಕಲ್ಲಿನ ಬಳಿ ಇಳಿಯಬೇಕೋ ಅಲ್ಲಿಗೆ ನೇರವಾಗಿ ಗುರಿಯಿಟ್ಟರೆ ಅವನು ಕೆಟ್ಟ ಅಂಬಿಗ. ಒಳ್ಳೆಯ ಅಂಬಿಗನು ಮೊದಲು ದಡದ ಉದ್ದಕ್ಕೂ ಪ್ರವಾಹದ ಎದುರಿಗೆ ಒಂದಷ್ಟು ದೂರ ಹತ್ತಿಹೋಗಿ, ಅಲ್ಲಿಂದ ಹೊಳೆಗೆ ಬಿಟ್ಟು, ಸೆಳವು ತನ್ನನ್ನು ಎಷ್ಟು ಕೆಳಗೆ ಒಯ್ಯುವುದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಸರಿಯಾದ ಕಲ್ಲಿಗೆ ತಾಗಿಸುತ್ತಾನೆ. ಈ ಲೆಕ್ಕವನ್ನು ಯಾವ ಶಾಲೆಯೂ ಕಲಿಸುವುದಿಲ್ಲ.

ಇಂತಹ ಹರಿಗೋಲಿಗೂ ಎರಡು ದೌರ್ಬಲ್ಯಗಳುಂಟು. ಮೊದಲನೆಯದು, ಅದರ ಅಂಚು ನೀರಿನಿಂದ ಬಹಳ ಮೇಲಿರುವುದಿಲ್ಲ. ಎರಡನೆಯದು, ಅದಕ್ಕೆ ಬೆನ್ನೆಲುಬಿಲ್ಲ. ಭಾರ ಯಾವ ಕಡೆಗೆ ಬಿದ್ದರೆ ಆ ಕಡೆಗೇ ವಾಲುತ್ತದೆ. ಎಲ್ಲರೂ ತಳದಲ್ಲಿ, ಅಂಚಿಗೆ ಬೆನ್ನು ಕೊಟ್ಟು, ಸುತ್ತಲೂ ಸಮವಾಗಿ ಕುಳಿತಿರುವ ತನಕ ಅದಕ್ಕಿಂತ ಸ್ಥಿರವಾದ ದೋಣಿ ಇಲ್ಲ. ಒಬ್ಬನು ಎದ್ದು ನಿಂತನೋ, ಕತೆ ಬೇರೆ. ಮೊಬೈಲು ಎತ್ತಿ ಹಿಡಿದು ಚಿತ್ರ ತೆಗೆಯಲು ಒಬ್ಬನು ನಿಲ್ಲುತ್ತಾನೆ. ಆ ಚಿತ್ರದೊಳಗೆ ತಾವೂ ಇರಬೇಕೆಂದು ಮತ್ತಿಬ್ಬರು ಅವನ ಕಡೆಗೇ ಸರಿಯುತ್ತಾರೆ. ಅಂಬಿಗನು ಒಂದು ಕೈಯಲ್ಲಿ ಹುಟ್ಟು ಹಿಡಿದುಕೊಂಡೇ, “ಕೂತ್ಕಳ್ರಿ ಸಾರ್, ನಿಂದ್ರಬ್ಯಾಡ್ರಿ, ಪುಟ್ಟಿ ವಾಲತೈತಿ” ಎಂದು ಕೂಗುತ್ತಾನೆ. ಅವನ ದನಿಯಲ್ಲಿರುವುದು ಸಿಟ್ಟಲ್ಲ, ಭಯ. ಇನ್ನು ಕೆಲವು ತರುಣರಿಗೆ ಹರಿಗೋಲನ್ನು ಬುಗುರಿಯಂತೆ ಗಿರಗಿರನೆ ತಿರುಗಿಸದಿದ್ದರೆ ಕೊಟ್ಟ ಹಣ ದಂಡವಾದಂತೆ. ತಿರುಗುವುದು ಹರಿಗೋಲಿನ ಗುಣ ನಿಜ. ತಲೆ ಸುತ್ತಿದವನು ಅಂಚಿನ ಮೇಲೆ ವಾಲುವುದೂ ಮನುಷ್ಯನ ಗುಣವೇ.

ಇದು ದೋಣಿಯ ಮಾತಾಯಿತು. ಹೊಳೆಯ ಮಾತು ಇನ್ನೂ ಗಹನವಾದುದು.

ಹೊಸಪೇಟೆ ಒಣ ಸೀಮೆ. ಇಲ್ಲಿ ಬೀಳುವ ಮಳೆಯಿಂದ ತುಂಗಭದ್ರೆ ಉಕ್ಕುವುದೆಂದು ತಿಳಿದವನು ಮೋಸಹೋದ. ತುಂಗೆಯೂ ಭದ್ರೆಯೂ ಹುಟ್ಟುವುದು ದೂರದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಕೂಡುವುದು ಶಿವಮೊಗ್ಗೆಯ ಬಳಿಯ ಕೂಡಲಿಯಲ್ಲಿ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ನೀರೂ ಮಾಲತಿಯ ಮೂಲಕ ತುಂಗೆಯನ್ನು ಸೇರುತ್ತದೆ. ಮುಂದೆ ವರದೆಯೂ ಬಂದು ಕೂಡುತ್ತಾಳೆ. ಮಲೆನಾಡಿನಲ್ಲಿ ಪುನರ್ವಸು, ಪುಷ್ಯ, ಆಶ್ಲೇಷಾ ಮಳೆಗಳು ಹಿಡಿದುಕೊಂಡವೆಂದರೆ, ಹಂಪೆಯ ಆಕಾಶ ತಿಳಿಯಾಗಿದ್ದರೂ, ಬಂಡೆ ಮುಟ್ಟಿದರೆ ಬಿಸಿ ತಾಗುತ್ತಿದ್ದರೂ, ಹೊಳೆ ಏರುತ್ತದೆ. ಪ್ರವಾಸಿಗನು ತಲೆಯೆತ್ತಿ ನೋಡುತ್ತಾನೆ, ಮೋಡವಿಲ್ಲ. ತಲೆ ಬಗ್ಗಿಸಿ ನೋಡುತ್ತಾನೆ, ನಿನ್ನೆ ಬಟ್ಟೆ ಒಗೆಯುತ್ತಿದ್ದ ಕಲ್ಲು ಕಾಣುತ್ತಿಲ್ಲ. ಈ ಎರಡನ್ನೂ ಕೂಡಿಸಿ ಅರ್ಥ ಮಾಡಿಕೊಳ್ಳಲು ಅವನಿಗೆ ಬರುವುದಿಲ್ಲ. ಅಂಬಿಗನಿಗೆ ಬರುತ್ತದೆ.

ಇದಕ್ಕೆ ತದ್ವಿರುದ್ಧವಾದ ದೃಶ್ಯವನ್ನು ಸಂಡೂರಿನಲ್ಲಿ ನೋಡಬಹುದು. ಹೊಸಪೇಟೆಯ ದಕ್ಷಿಣಕ್ಕೆ ಕುಮಾರಸ್ವಾಮಿಯ ಬೆಟ್ಟಗಳು ಸುತ್ತಲೂ ಕೋಟೆ ಕಟ್ಟಿದಂತಿರುವ ಆ ಕಣಿವೆಯಲ್ಲಿ ಹರಿಯುವ ನಾರಿಹಳ್ಳವು ಬೆಟ್ಟಸಾಲನ್ನು ಸೀಳಿಕೊಂಡು ಗಂಡಿಗಳ ನಡುವೆ ನುಸುಳುತ್ತದೆ. ಅಲ್ಲಿ ಮಳೆ ಕಣ್ಣೆದುರಿಗೇ ಬೀಳುತ್ತದೆ; ಕಬ್ಬಿಣದ ಅದಿರಿನ ಕೆಂಪು ಮಣ್ಣನ್ನು ಕದಡಿಕೊಂಡು ಹಳ್ಳ ಕಣ್ಣೆದುರಿಗೇ ಉಕ್ಕುತ್ತದೆ. ಹಳ್ಳಿಯವನು ದಡದಲ್ಲೇ ಕುಳಿತು ಬೀಡಿ ಸೇದುತ್ತ ನೀರು ಇಳಿಯಲೆಂದು ಕಾಯುತ್ತಾನೆ. ಹಳ್ಳದ ಕೋಪ ಕಂಡು ಹೇಳಿ ಬರುವ ಕೋಪ. ತುಂಗಭದ್ರೆಯದು ಹಾಗಲ್ಲ, ಎಲ್ಲೋ ಹುಟ್ಟಿದ ಕೋಪ, ಎಲ್ಲೋ ಬಂದು ಎರಗುತ್ತದೆ.

ಅದರ ಮೇಲೆ ಈ ಹೊಳೆಗೆ ಈಗ ಇನ್ನೊಬ್ಬ ಯಜಮಾನನೂ ಉಂಟು. ಹೊಸಪೇಟೆಯ ಮಗ್ಗುಲಲ್ಲಿ ಎದ್ದುನಿಂತ ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಮೊದಲಾಗಿ, 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಸುರ್ಕಿ ಗಾರೆಯಿಂದ ಕಟ್ಟಿದ ಈ ಕಟ್ಟೆಗೆ 33 ಬಾಗಿಲುಗಳು. ಪೂರ್ಣ ಮಟ್ಟ 1,633 ಅಡಿ. ಮೊದಲಿಗೆ 133 ಟಿ.ಎಂ.ಸಿ.ಯಷ್ಟು ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ, ಈಗ ಸುಮಾರು 105 ಟಿ.ಎಂ.ಸಿ.ಗೆ ಮಾತ್ರ ಎಡೆಯಿದೆ. ಮಡಕೆ ಸಣ್ಣದಾದರೆ ಬೇಗ ತುಂಬುತ್ತದೆ. ತುಂಬಿದ ಮೇಲೆ ಬಂದ ನೀರೆಲ್ಲ ಹೊರಕ್ಕೆ ಹೋಗಲೇಬೇಕು. ಬಾಗಿಲುಗಳು ಮೇಲಕ್ಕೆದ್ದಾಗ ಹೊರಡುವ ನೀರಿನ ಲೆಕ್ಕ ಕ್ಯೂಸೆಕ್ಕುಗಳಲ್ಲಿ. ಒಂದು ಲಕ್ಷ ಕ್ಯೂಸೆಕ್ ಎಂದರೆ ಒಂದೊಂದು ಕ್ಷಣಕ್ಕೂ ಸುಮಾರು 28 ಲಕ್ಷ ಲೀಟರು ನೀರು. ಅಂತಹ ಹೊಳೆಯ ಮೇಲೆ ಬಿದಿರ ಬುಟ್ಟಿಯ ಗತಿಯೇನೆಂದು ವಾಚಕರೇ ಊಹಿಸಿಕೊಳ್ಳಬಹುದು.

2024ರ ಆಗಸ್ಟ್ 10ರ ರಾತ್ರಿ ಇದೇ ಅಣೆಕಟ್ಟಿನ 19ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ಜಲಾಶಯ ಆಗ ತುಂಬಿ ತುಳುಕುತ್ತಿತ್ತು. ಕಟ್ಟೆಯ ಮೇಲಿನ ಒತ್ತಡವನ್ನು ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆಯಬೇಕಾಯಿತು. ಕೆಳಗಿನ ಊರುಗಳಿಗೆಲ್ಲ ಎಚ್ಚರಿಕೆ ಹೋಯಿತು. ಬಾಗಿಲುಗಳ ವಿದ್ಯೆಯಲ್ಲಿ ಪಳಗಿದ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಅಡ್ಡಹಲಗೆಗಳನ್ನು ಒಂದೊಂದಾಗಿ ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ರೈತರ ಬೆಳೆಗೆಂದು ಕೂಡಿಟ್ಟ ನೀರು ಹೊಳೆಯ ಪಾಲಾಗುತ್ತಿದ್ದ ಆ ದಿನಗಳಲ್ಲಿ ಮೂರು ರಾಜ್ಯಗಳ ಜನ ಉಸಿರು ಬಿಗಿಹಿಡಿದಿದ್ದರು. ಹರಿಗೋಲಿನವನಿಗೆ ಈ ಘಟನೆಯಿಂದ ತಿಳಿದ ಸಂಗತಿ ಒಂದೇ: ಬಾಗಿಲು ತೆರೆಯುವುದಕ್ಕೆ ಮುಂಚೆ ತಿಳಿಸುವ ಏರ್ಪಾಡು ಎಷ್ಟೇ ಚೆನ್ನಾಗಿರಲಿ, ಯಾರನ್ನೂ ಕೇಳದೆ ಬಾಗಿಲೇ ಹೊರಟುಹೋಗುವ ರಾತ್ರಿಯೂ ಬರಬಹುದು.

ಹಂಪೆಯಲ್ಲಿ ನೀರಿನ ಏರಿಕೆಯನ್ನು ಅಳೆಯಲು ಉಪಕರಣ ಬೇಕಾಗಿಲ್ಲ. ಪುರಂದರ ಮಂಟಪವೇ ಸಾಕು. ದಾಸರ ಹೆಸರು ಹೊತ್ತು ಹೊಳೆಯ ಪಾತ್ರದ ಅಂಚಿನಲ್ಲೇ ನಿಂತಿರುವ ಈ ತಗ್ಗಿನ ಕಲ್ಲುಮಂಟಪ, ಬಾಗಿಲು ತೆರೆದಾಗಲೆಲ್ಲ ಮೊದಲು ಮುಳುಗುವ ಕಟ್ಟಡಗಳಲ್ಲೊಂದು. ಮೊದಲು ಮೆಟ್ಟಿಲಿಗೆ ನೀರು, ಬಳಿಕ ಕಂಬಗಳ ನಡುಮಟ್ಟಕ್ಕೆ, ಕೊನೆಗೆ ಛಾವಣಿಯ ಅಂಚು ಮಾತ್ರ. ಭಗವಂತನನ್ನೇ ಅಂಬಿಗನೆಂದು ಕರೆದು ಹಾಡಿದ ದಾಸರ ಮಂಟಪವೇ ಅಂಬಿಗರಿಗೆ ಅಳತೆಗೋಲಾಗಿರುವುದು ಒಂದು ಸೋಜಿಗ. ಮಂಟಪದೊಳಗೆ ನೀರು ಹೊಕ್ಕಿತೆಂದರೆ ಚಕ್ರತೀರ್ಥದ ಹರಿಗೋಲುಗಳು ದಡ ಹತ್ತುತ್ತವೆ. ಕೋದಂಡರಾಮನ ಗುಡಿಯ ಮುಂದೆ ಹೊಳೆ ತಿರುವು ತೆಗೆದುಕೊಳ್ಳುವ ಚಕ್ರತೀರ್ಥ ನೋಡಲು ಕನ್ನಡಿಯಂತಿರುತ್ತದೆ. “ಮ್ಯಾಲೆ ಸುಮ್ನೈತಿ, ಒಳಗ ಸೆಳವೈತಿ” ಎಂದು ಅಂಬಿಗರು ಹೇಳುವುದು ಇಂತಹ ಮಡುಗಳ ವಿಷಯವಾಗಿಯೇ.

ಹಿಮ ಬೀಳುವ ನಾಡುಗಳಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಯಂತ್ರದ ಜಾರುಬಂಡಿ ಓಡಿಸುವವರು ಹೊರಡುವ ಮುನ್ನ ಮಂಜುಗಡ್ಡೆಯನ್ನು ಕೊರೆದು ಅದರ ದಪ್ಪವನ್ನು ಅಳೆಯುತ್ತಾರಂತೆ; ಒಬ್ಬಂಟಿಯಾಗಿ ಹೋಗುವುದಿಲ್ಲವಂತೆ; ಹೋಗುವ ದಾರಿಯನ್ನೂ ಮರಳುವ ವೇಳೆಯನ್ನೂ ಮನೆಯಲ್ಲಿ ಹೇಳಿ ಹೋಗುತ್ತಾರಂತೆ. ಹಂಪೆಗೆ ಹೊರಡುವವನಿಗೆ ಕೊರೆಯುವ ಕೆಲಸವಿಲ್ಲ. ಬೆಳಗಿನ ಪತ್ರಿಕೆಯ ಒಂದು ಮೂಲೆಯಲ್ಲಿ ಜಲಾಶಯಗಳ ಮಟ್ಟವೆಂಬ ಸಣ್ಣ ಪಟ್ಟಿ ಅಚ್ಚಾಗಿರುತ್ತದೆ. ಅದನ್ನು ಓದುವವರು ರೈತರು ಮಾತ್ರ. ತುಂಗಭದ್ರೆಯ ಎದುರಿಗೆ ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ಅಂಕಿಗಳಿರುತ್ತವೆ. ಮಟ್ಟ 1,633ರ ಹತ್ತಿರಕ್ಕೆ ಬಂದು, ಒಳಹರಿವು ದಿನೇ ದಿನೇ ಏರುತ್ತಿದ್ದರೆ, ಬಾಗಿಲು ತೆರೆಯುವ ಕಾಲ ಸಮೀಪಿಸಿತೆಂದೇ ತಿಳಿಯಬೇಕು. ಹೊಸಪೇಟೆಯ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯುವ ಕೆಲಸ ಇದು.

ಈ ಅಂಕಿಗಳ ಬೆಲೆ 2019ರಲ್ಲಿ ಪ್ರತ್ಯಕ್ಷವಾಯಿತು. ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ಹೊಳೆಯ ಕವಲುಗಳ ನಡುವೆ ವಿರೂಪಾಪುರ ಗಡ್ಡೆ ಎಂಬ ನೆಲವುಂಟು. ಬತ್ತದ ಗದ್ದೆ, ತೆಂಗು, ಬಂಡೆಗಳ ಆ ಚೆಲುವಾದ ಜಾಗದಲ್ಲಿ ಆಗ ವಿದೇಶೀಯರಿಗೂ ದೇಶೀಯರಿಗೂ ತಂಗುಮನೆಗಳು ಎದ್ದಿದ್ದವು. ಆ ವರ್ಷದ ಆಗಸ್ಟಿನಲ್ಲಿ ಮಲೆನಾಡಿನ ಮಳೆಗೆ ಜಲಾಶಯ ತುಂಬಿ, ಲಕ್ಷಗಟ್ಟಲೆ ಕ್ಯೂಸೆಕ್ ನೀರು ಹೊಳೆಗೆ ಬಂತು. ಗಡ್ಡೆ ದ್ವೀಪವಾಯಿತು. ನೂರಾರು ಪ್ರವಾಸಿಗಳು ಒಳಗೆ ಸಿಕ್ಕಿಬಿದ್ದರು. ವಿಪತ್ತು ನಿರ್ವಹಣಾ ಪಡೆಯ ದೋಣಿಗಳೂ ಹೆಲಿಕಾಪ್ಟರುಗಳೂ ಬಂದು ಅವರನ್ನು ಪಾರು ಮಾಡಿದವು. ಆ ಕಾರ್ಯದ ನಡುವೆ ರಕ್ಷಕರ ದೋಣಿಯೊಂದೇ ಮಗುಚಿ, ಅವರನ್ನೇ ರಕ್ಷಿಸಬೇಕಾಗಿ ಬಂತು. ತರಬೇತಿ ಪಡೆದವರ ಯಂತ್ರದ ದೋಣಿಗೇ ಆ ಸ್ಥಿತಿ. ಇದು ನಡೆದದ್ದೂ ಆಶ್ಲೇಷಾ ಮಳೆಯಲ್ಲಿ. ಐದು ವರ್ಷಗಳ ಬಳಿಕ ಬಾಗಿಲು ಕೊಚ್ಚಿಹೋದದ್ದೂ ಆಶ್ಲೇಷಾ ಮಳೆಯಲ್ಲಿಯೇ. ಪಂಚಾಂಗದಲ್ಲಿ ನಂಬಿಕೆಯಿಲ್ಲದವರೂ ಇದೊಂದನ್ನು ಗುರುತು ಹಾಕಿಕೊಳ್ಳಬಹುದು. ಗಡ್ಡೆಯ ಅನಧಿಕೃತ ತಂಗುಮನೆಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇಲೆ 2020ರಲ್ಲಿ ಕೆಡವಲಾಯಿತು.

ಹೊಳೆ ಕೆಳಗೆ ಸಾಗಿದಂತೆ ಕಂಪ್ಲಿ ಬರುತ್ತದೆ. ಗಂಡುಗಲಿ ಕುಮಾರರಾಮನ ಕತೆಯೊಡನೆ ಹೆಣೆದುಕೊಂಡ ಈ ಊರಿನಲ್ಲಿ ಕಬ್ಬು, ಬಾಳೆ, ಬತ್ತದ ಹಸಿರು ನೀರಿನ ಅಂಚಿನವರೆಗೂ ಇಳಿದಿದೆ. ಇಲ್ಲಿ ಹರಿಗೋಲು ವಿನೋದದ ವಸ್ತುವಲ್ಲ. ಬಲೆ ಬೀಸುವವನ ಅನ್ನ. ಹೊರಹರಿವು ಮಿತಿಮೀರಿದ ವರ್ಷಗಳಲ್ಲಿ ಕಂಪ್ಲಿ ಗಂಗಾವತಿಗಳ ನಡುವಿನ ಸೇತುವೆಯ ಮೇಲೆ ಸಂಚಾರ ನಿಂತು, ಕಣ್ಣಳತೆಯ ಊರಿಗೆ ಬಳಸುದಾರಿ ಹಿಡಿಯಬೇಕಾದುದುಂಟು. ಕೋಟೆಯ ಬಳಿಯ ಮೀನುಗಾರರ ಮನೆಗಳ ಹೊಸ್ತಿಲಿಗೆ ನೀರು ಬರುತ್ತದೆ. ಹೊಳೆಯಿಂದಲೇ ಬದುಕುವ ಈ ಜನ ಡಂಗುರ ಕೇಳಿಸಿದೊಡನೆ ಬಲೆ, ಪುಟ್ಟಿ, ಪಾತ್ರೆಪದಾರ್ಥಗಳನ್ನು ಎತ್ತಿಕೊಂಡು ಮೇಲಕ್ಕೆ ಹೋಗುತ್ತಾರೆ; ನೀರಿನ ಮೇಲೆ ಧೈರ್ಯ ತೋರಿಸಲು ನಿಲ್ಲುವುದಿಲ್ಲ. ಧೈರ್ಯ ತೋರಿಸುವವರು ಬಹುಮಟ್ಟಿಗೆ ಪಟ್ಟಣದಿಂದ ಬಂದವರು.

ಮಳೆಗಾಲದಲ್ಲಿ ಮಾತ್ರ ಅಪಾಯ, ಬೇಸಗೆಯಲ್ಲಿ ಹೊಳೆ ಹಸು ಎಂದು ಭಾವಿಸುವುದೂ ತಪ್ಪು. 2025ರ ಫೆಬ್ರವರಿಯಲ್ಲಿ, ನೀರು ಇಳಿದು ತಿಳಿಯಾಗಿದ್ದ ಕಾಲದಲ್ಲಿ, ಸಾಣಾಪುರದ ಬಳಿ ಬಂಡೆಯ ಮೇಲಿಂದ ಹೊಳೆಗೆ ಹಾರಿದ ಪ್ರವಾಸಿಗಳೊಬ್ಬರು ಮತ್ತೆ ಮೇಲೆ ಬರಲಿಲ್ಲ. ಬಂಡೆಗಳ ಕೆಳಗೆ ನೀರು ಶತಮಾನಗಳಿಂದ ಕೊರೆದ ಪೊಟರೆಗಳಿವೆ. ಮೇಲಿನಿಂದ ಅವು ಕಾಣುವುದಿಲ್ಲ. ಸೆಳವು ಮಾತ್ರ ಅವುಗಳೊಳಗೆ ನುಗ್ಗುತ್ತದೆ. ಈಜು ಬಲ್ಲವನಿಗೂ ಅಲ್ಲಿ ಈಜು ನೆರವಾಗುವುದಿಲ್ಲ. ಹೊಳೆಯಲ್ಲಿ ಮೊಸಳೆಗಳಿವೆಯೆಂಬ ಫಲಕಗಳನ್ನು ಹಂಪೆಯ ದಡದಲ್ಲಿ ನಿಲ್ಲಿಸಿರುವುದು ಅಲಂಕಾರಕ್ಕಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಸಾರಿತು. ಬೆಳಗಿನ ಹೊತ್ತು ಅದೃಷ್ಟವಿದ್ದವರಿಗೆ ಅವುಗಳ ಜಲಕ್ರೀಡೆ ಕಾಣಸಿಗುತ್ತದೆ. ಹೊಳೆಯಲ್ಲಿ ಈಜುವ ಹಕ್ಕು ನಿಜವಾಗಿ ಇರುವುದು ಅವಕ್ಕೇ.

ಇನ್ನು ಹರಿಗೋಲು ಹತ್ತುವವನ ಸಿದ್ಧತೆ. ಅದು ದೊಡ್ಡದೇನೂ ಅಲ್ಲ. ತೇಲುವ ಅಂಗಿಯನ್ನು ಕೇಳಿ ತೊಡಬೇಕು; ತೊಟ್ಟ ಮೇಲೆ ಅದರ ಪಟ್ಟಿಗಳನ್ನು ಬಿಗಿಯಬೇಕು. ಬೆವರುತ್ತದೆಂದು ಅದನ್ನು ಮಡಿಲಲ್ಲಿಟ್ಟುಕೊಂಡು ಕೂರುವವರನ್ನು ಕಂಡರೆ ನಗುವುದೋ ಅಳುವುದೋ ತಿಳಿಯದು. ಮಗುವಿಗೆ ದೊಡ್ಡವರ ಅಂಗಿ ತೊಡಿಸಿದರೆ ಅದು ನೀರಿನಲ್ಲಿ ತಲೆಯ ಮೇಲಿಂದ ಜಾರಿಹೋಗುತ್ತದೆ. ಅಳತೆಯದು ಇಲ್ಲದಿದ್ದರೆ ಮಗುವನ್ನು ದಡದಲ್ಲೇ ಬಿಟ್ಟು ಒಬ್ಬರು ಜೊತೆಗೆ ಕೂರುವುದು ಲೇಸು. ಬೂಟು ಕಳಚಿಡಬೇಕು. ಹೆಗಲಚೀಲವನ್ನು ಬೆನ್ನಿಗೆ ಬಿಗಿದುಕೊಂಡು ಕೂರಬಾರದು. ಕುಡಿದವನೊಡನೆ ಒಂದೇ ಹರಿಗೋಲಿನಲ್ಲಿ ಕೂರಬಾರದು, ಅವನು ಸ್ವಂತ ಅಣ್ಣನೇ ಆಗಿದ್ದರೂ. ಸಂಜೆ ಕತ್ತಲಾದ ಮೇಲೆ ದಾಟುವ ಮಾತೇ ಬೇಡ. ಕಡೆಯ ದೋಣಿ ತಪ್ಪಿದರೆ ಬುಕ್ಕಸಾಗರ ಕಡೆಬಾಗಿಲುಗಳ ಸೇತುವೆಯ ಮೇಲಿನಿಂದ ಸುತ್ತಿ ಬರುವ ರಸ್ತೆಯುಂಟು. ಸಾಹಸದ ಆಸೆಯಿರುವವರಿಗೆ ಸಾಣಾಪುರದ ಕೆರೆಯಂತಹ ಕಟ್ಟಿನಿಂತ ನೀರಿನಲ್ಲಿ ಹರಿಗೋಲು ಸವಾರಿ ಹೊಳೆಗಿಂತ ಹಿತ. ಅಲ್ಲಿಯೂ ಮೇಲಂಗಿ ಬೇಕು, ಕೂತೇ ಇರಬೇಕು.

ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ ಅಂಗಡಿಯಲ್ಲಿ ಸಿಗುವುದಲ್ಲ. ಅದು ಅಂಬಿಗನು ಹೇಳುವ “ಇವತ್ತು ಆಗಂಗಿಲ್ರಿ” ಎಂಬ ಮಾತು. ಈ ಮಾತು ಅವನಿಗೆ ಸುಲಭವಾಗಿ ಬರುವುದಿಲ್ಲ. ಯಾತ್ರಿಕರ ಕಾಲವೆಂದರೆ ಅಕ್ಟೋಬರಿನಿಂದ ಮಾರ್ಚಿಯವರೆಗಿನ ಕೆಲವೇ ತಿಂಗಳು. ಅದರಲ್ಲಿ ಗಳಿಸಿದ್ದರಲ್ಲೇ ಬಾಗಿಲು ತೆರೆದ ದಿನಗಳೂ ಕಳೆಯಬೇಕು. ಇಲ್ಲವೆಂದರೆ ಆ ಹೊತ್ತಿನ ಸಂಪಾದನೆ ಹೋಯಿತು. ಎದುರಿಗೆ ನಿಂತವನು ನೋಟು ಚಾಚಿ, “ಇನ್ನೂರು ಹೆಚ್ಚು ಕೊಡುತ್ತೇನೆ, ಒಂದೇ ಸುತ್ತು” ಎನ್ನುತ್ತಾನೆ. ಐದು ಮಂದಿಯ ಜಾಗದಲ್ಲಿ ಎಂಟು ಮಂದಿಯನ್ನು ತುಂಬಿಸು ಎನ್ನುತ್ತಾನೆ. ಈ ಚೌಕಾಸಿಯಲ್ಲಿ ಪ್ರವಾಸಿಗನು ಗೆದ್ದರೆ ಅವನು ಗೆದ್ದದ್ದೇನೆಂದು ಒಮ್ಮೆ ಯೋಚಿಸಬೇಕು. ಹಾಗೆಯೇ, ಹಣಕ್ಕೆ ಸೋತು ಏರಿದ ನೀರಿಗೆ ಬುಟ್ಟಿ ಇಳಿಸುವ ಅಂಬಿಗರೂ ಇಲ್ಲದಿಲ್ಲ. ಅಂತಹವನನ್ನು ಗುರುತಿಸುವುದು ಕಷ್ಟವಲ್ಲ, ಉಳಿದವರೆಲ್ಲರ ಹರಿಗೋಲುಗಳು ಆಗ ದಡದ ಮೇಲಿರುತ್ತವೆ. ಹೊಳೆಯ ಈ ದಡ ವಿಜಯನಗರ ಜಿಲ್ಲೆ, ಆ ದಡ ಕೊಪ್ಪಳ. ಒಂದು ದಡದ ನಿಷೇಧ ಇನ್ನೊಂದಕ್ಕೆ ಅನ್ವಯಿಸದೆಂದು ವಾದಿಸುವ ಚತುರರೂ ಸಿಗುತ್ತಾರೆ. ನೀರಿಗೆ ಜಿಲ್ಲೆಗಳಿಲ್ಲ.

ಸೇತುವೆಯಿದ್ದರೆ ಈ ಪಾಡೇ ಇಲ್ಲವಲ್ಲ ಎಂದು ಕೇಳುವವರುಂಟು. ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆಯೊಂದನ್ನು ಕಟ್ಟಲು ಹೊರಟದ್ದೂ ಉಂಟು. ಸ್ಮಾರಕಗಳ ನಡುವೆ ಅದು ಸಲ್ಲದೆಂಬ ವಿವಾದದಲ್ಲಿ ಕೆಲಸ ವರ್ಷಗಟ್ಟಲೆ ನಿಂತು, ಮತ್ತೆ ಮೊದಲಾಗಿ, 2009ರ ಜನವರಿಯಲ್ಲಿ ಕಟ್ಟುತ್ತಿರುವಾಗಲೇ ಕುಸಿದು ಕಾರ್ಮಿಕರ ಪ್ರಾಣ ತೆಗೆದುಕೊಂಡಿತು. ವಿಠ್ಠಲ ದೇವಾಲಯದ ಸಮೀಪ ಹೊಳೆಯ ನಡುವೆ ಸಾಲಾಗಿ ನಿಂತ ಕಲ್ಲುಕಂಬಗಳು ಪೂರ್ವಕಾಲದ ಇನ್ನೊಂದು ಸೇತುವೆಯ ಅವಶೇಷ. ಎರಡರ ಗತಿಯನ್ನೂ ಹರಿಗೋಲು ನೋಡಿದೆ.

ಸಿದ್ಧತೆ ಎಂಬುದು ಈ ಹೊಳೆಗಳ ವಿಷಯದಲ್ಲಿ ಹಳೆಯ ಮಾತೇ. ಮುಂದೆ ವೆಲಿಂಗ್ಟನ್ ಎಂದು ಹೆಸರಾದ ಆರ್ಥರ್ ವೆಲ್ಲೆಸ್ಲಿ 1803ರ ಮಾರ್ಚಿಯಲ್ಲಿ ಹಾವನೂರಿನ ಬಳಿ ಇದೇ ತುಂಗಭದ್ರೆಯನ್ನು ದಾಟಿ ಮರಾಠರ ಸೀಮೆಗೆ ನಡೆದನು. ಮಳೆಗಾಲ ಬಂದರೆ ಹಿಂದಿನ ಹೊಳೆಗಳೆಲ್ಲ ತುಂಬಿ ದಾರಿ ಕಡಿದುಹೋದೀತೆಂದು ತಿಳಿದಿದ್ದ ಆ ಸೇನಾಪತಿ, ಹರಿಗೋಲುಗಳನ್ನು ಮುಂಚಿತವಾಗಿಯೇ ಕಟ್ಟಿಸಿ ಕಡವುಗಳಲ್ಲಿ ಇರಿಸಬೇಕೆಂದು ಪತ್ರದ ಮೇಲೆ ಪತ್ರ ಬರೆದನು. ತೋಪುಗಳಿಗಿಂತ ಬುಟ್ಟಿಗಳ ಚಿಂತೆ ಅವನಿಗೆ ಹೆಚ್ಚಾಗಿತ್ತೆಂದರೂ ನಡೆದೀತು.

ಆಷಾಢದಲ್ಲಿ ಬಾಗಿಲು ತೆರೆದ ಸುದ್ದಿ ಬಂದ ಮೇಲೆ ಹಂಪೆಗೆ ಹೋದವರು ಹರಿಗೋಲುಗಳನ್ನು ನೀರಿನಲ್ಲಿ ಕಾಣಲಾರರು. ಅವನ್ನು ಚಕ್ರತೀರ್ಥದ ಮೇಲಿನ ಎತ್ತರದ ಬಂಡೆಗಳ ಮೇಲೆ ಬೋರಲು ಹಾಕಿರುತ್ತಾರೆ. ಕೆಳಗೆ ಕೆಂಪುನೀರು ಪುರಂದರ ಮಂಟಪದ ಕಂಬಗಳನ್ನು ಸುತ್ತಿ ಮೊರೆಯುತ್ತಿರುತ್ತದೆ. ಅಂಬಿಗರು ಬಿರಿದ ಬಿದಿರ ದಬ್ಬೆಗಳನ್ನು ಬಿಚ್ಚಿ ಹೊಸದನ್ನು ಹೆಣೆಯುತ್ತ, ಸವೆದ ತಳಕ್ಕೆ ಡಾಂಬರು ಬಳಿಯುತ್ತ ಕುಳಿತಿರುತ್ತಾರೆ.